ಬರಬೇಕಂತಿಲ್ರಿ: ನಾಲ್ಕು ಸಾಲಿನ ಒಂದು ಇಮೇಲಿನ ಪ್ರಕರಣ

ಆ ಹುಡುಗಿ ಮೊದಲ ದಿನ ಕ್ಲಾಸಿಗೆ ಬಂದಾಗ ನೋಟ್‌ಬುಕ್ ತಂದಿರಲಿಲ್ಲ. ಒಂದು ಪ್ರಿಂಟೌಟ್ ತಂದಿದ್ದಳು. ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟಿದ್ದ ಹಾಳೆ. ಎಷ್ಟು ಸಲ ಬಿಡಿಸಿ ಮಡಚಿದ್ದಳೋ, ಮಡಿಕೆಯ ಗೆರೆ ಹರಿಯಲು ಬಂದಿತ್ತು. ಅದನ್ನು ನನ್ನ ಟೇಬಲ್ ಮೇಲೆ ಹರವಿ ಕೇಳಿದಳು: "ಮೇಡಂ, ಇದರಾಗ ಗ್ರಾಮರ್ ಎಲ್ಲಿ ತಪ್ಪೈತ್ರಿ?"

ಓದಿದೆ. ನಾಲ್ಕು ಸಾಲು.

"ಯು ಮಸ್ಟ್ ನಾಟ್ ಕಮ್ ಟು ಹುಬ್ಬಳ್ಳಿ ಫಾರ್ ಇನ್‌ಸ್ಪೆಕ್ಷನ್. ವಿ ವಿಲ್ ಸೆಂಡ್ ದ ಸ್ಯಾಂಪಲ್ ಆನ್ ಮಂಡೇ. ದ ಕಲರ್ ಕ್ಯಾನ್ ಬಿ ಲೆಸ್ ದಿಸ್ ಟೈಮ್. ಯು ಮಸ್ಟ್ ಟೆಲ್ ಅಸ್ ಯುವರ್ ಡಿಸಿಷನ್ ಟುಮಾರೋ."

ಇನ್ನೊಮ್ಮೆ ಓದಿದೆ. ಸ್ಪೆಲ್ಲಿಂಗ್ ಸರಿ. ಕರ್ತೃ, ಕ್ರಿಯೆ, ಕರ್ಮ ಎಲ್ಲ ತಮ್ಮ ಜಾಗದಲ್ಲಿದ್ದವು. ಶಾಲೆಯ ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು. ಹಾಗೇ ಹೇಳಿದೆ. ಅವಳ ಮುಖ ಇನ್ನೂ ಇಳಿಯಿತು. "ಮತ್ತ ಯಾಕ್ರಿ ಅವರು ಸಿಟ್ಟಾದ್ರು?"

ನಾನು ಧಾರವಾಡದ ಸಪ್ತಾಪುರದಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಕಲಿಸುತ್ತೇನೆ. ನನ್ನ ಹತ್ತಿರ ಬರುವ ಜಾಸ್ತಿ ಜನ ಇಂಟರ್‌ವ್ಯೂಗೆ ತಯಾರಾಗುವವರು. ಕೆಲಸದಲ್ಲಿದ್ದು, ಒಂದು ಪೆಟ್ಟು ತಿಂದು, ಆ ಪೆಟ್ಟು ಯಾಕೆ ಬಿತ್ತು ಅಂತ ಕೇಳಲು ಬಂದವಳು ಇವಳೊಬ್ಬಳೇ. ಈ ಪ್ರಕರಣವನ್ನು ಪೂರ್ತಿ ಬರೆದಿಡುವುದಕ್ಕೆ ಅದೇ ಕಾರಣ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದಳು, ಹಾಕಿಲ್ಲ. ಕಂಪನಿಯ ಹೆಸರೂ ಬೇಡ.

ಅವಳ ಊರು ಹಾವೇರಿ ಜಿಲ್ಲೆಯ ಬ್ಯಾಡಗಿ ಕಡೆಯ ಒಂದು ಹಳ್ಳಿ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ, ಆಮೇಲೆ ಬಿಕಾಂ. ಹುಬ್ಬಳ್ಳಿಯಲ್ಲಿ ಒಣ ಮೆಣಸಿನಕಾಯಿ ಎಕ್ಸ್‌ಪೋರ್ಟ್ ಮಾಡುವ ಒಂದು ಸಣ್ಣ ಆಫೀಸಿನಲ್ಲಿ ಕೆಲಸ. ಮಾಲೀಕರು, ಒಬ್ಬ ಅಕೌಂಟೆಂಟ್, ಗೋಡೌನ್ ನೋಡುವವರೊಬ್ಬರು, ಇವಳು. ಹೊರದೇಶದ ಪತ್ರವ್ಯವಹಾರವೆಲ್ಲ ಇವಳದೇ. ಸಂಜೆ ಆಫೀಸು ಮುಗಿಸಿ ಚಿಗರಿ ಬಸ್ ಹಿಡಿದು ಧಾರವಾಡಕ್ಕೆ ಬರುತ್ತಿದ್ದಳು. ಬಸ್ಸಿನಲ್ಲಿ ಸೀಟು ಸಿಕ್ಕರೆ ನವನಗರ ದಾಟುವಷ್ಟರಲ್ಲಿ ಹಿಂದಿನ ದಿನದ ಪಾಠ ಓದಿ ಮುಗಿಸುತ್ತಿದ್ದಳು.

ನಡೆದದ್ದು ಇಷ್ಟು. ಇಂಗ್ಲೆಂಡಿನ ಒಬ್ಬ ಖರೀದಿದಾರ ಬ್ಯಾಡಗಿ ಮೆಣಸಿನಕಾಯಿ ಕೊಳ್ಳಲು ಮುಂದೆ ಬಂದಿದ್ದ. ಮಾಲು ನೋಡಲು ತಮ್ಮ ಕಡೆಯವರೊಬ್ಬರು ಹುಬ್ಬಳ್ಳಿಗೆ ಬರಬೇಕಾ ಅಂತ ಕೇಳಿದ್ದ. ಅಷ್ಟು ದೂರದಿಂದ ಬರುವ ತೊಂದರೆ ಯಾಕೆ, ಸ್ಯಾಂಪಲ್ಲೇ ಕಳಿಸೋಣ ಅಂತ ಮಾಲೀಕರು ಹೇಳಿದರು. ಆ ಮಾತನ್ನೇ ಇವಳು ಇಂಗ್ಲಿಷಿನಲ್ಲಿ ಬರೆದಳು. ಮೂರು ದಿನ ಉತ್ತರ ಬರಲಿಲ್ಲ. ನಾಲ್ಕನೇ ದಿನ ಬಂತು, ಒಂದೇ ಸಾಲಿನ ಪ್ರಶ್ನೆ: ನಾವು ಯಾಕೆ ಬರಬಾರದು?

ಅದರ ಹಿಂದಿನ ಅನುಮಾನ ಅವಳಿಗೆ ಆಗ ಗೊತ್ತಾಗಲಿಲ್ಲ. ಮೆಣಸಿನಕಾಯಿ ವ್ಯಾಪಾರದಲ್ಲಿ ಇದು ಸಣ್ಣ ಮಾತಲ್ಲ. 2005ರ ಫೆಬ್ರುವರಿಯಲ್ಲಿ ಬ್ರಿಟನ್ನಿನಲ್ಲಿ ಮೆಣಸಿನ ಪುಡಿಯ ಮೂಲಕ ಸುಡಾನ್ 1 ಎಂಬ ಕೈಗಾರಿಕಾ ಬಣ್ಣ ಊಟದೊಳಗೆ ಸೇರಿದ್ದು ಗೊತ್ತಾಯಿತು. 400ಕ್ಕೂ ಹೆಚ್ಚು ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ವಾಪಸ್ ತರಿಸಿದರು. ಸರಿಯಾಗಿ ಒಣಗದ ಕಾಯಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷದ ಭಯ ಬೇರೆ. ಅಂಥ ಮಾರುಕಟ್ಟೆಯ ಮನುಷ್ಯನಿಗೆ "ನೀವು ಗೋಡೌನ್ ನೋಡಲು ಬರಕೂಡದು" ಅಂತ ಪತ್ರ ಹೋದರೆ ಅವನೇನು ಅಂದುಕೊಂಡಾನು? ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ಅಲ್ವಾ?

ಮಾಲೀಕರು ಫೋನ್ ಮಾಡಿ ಸಮಾಧಾನ ಹೇಳಿದರು. ವ್ಯವಹಾರ ಉಳಿಯಿತು. ಇವಳನ್ನು ಯಾರೂ ಬೈಯಲಿಲ್ಲ. ಆದರೆ ತಾನು ಬರೆದ ಯಾವ ಶಬ್ದ ಇಷ್ಟೆಲ್ಲ ಮಾಡಿತು ಅಂತ ತಿಳಿಯದೆ ಅವಳಿಗೆ ನಿದ್ದೆ ಬರಲಿಲ್ಲ. ಆ ಹಾಳೆ ಪರ್ಸಿನಲ್ಲಿ ಉಳಿಯಿತು.

ನಾನು ಅವಳಿಗೆ ಕೇಳಿದ್ದು ಒಂದೇ. "ಇದನ್ನ ಬರೆಯೋಕಿಂತ ಮೊದಲು ಮನಸ್ಸಿನಾಗ ಏನಿತ್ತು? ನಿಮ್ಮ ಊರಿನ ಮಾತಿನಾಗ ಹೇಳು. ಪುಸ್ತಕದ ಕನ್ನಡ ಬ್ಯಾಡ."

ಅವಳು ಸ್ವಲ್ಪ ನಾಚಿಕೊಂಡು ಹೇಳಿದಳು. ನಾನು ಹಾಗೇ ಬರೆದುಕೊಂಡೆ.

"ನೀವು ನೋಡಾಕ ಹುಬ್ಬಳ್ಳಿಗೆ ಬರಬೇಕಂತಿಲ್ರಿ. ಸ್ಯಾಂಪಲ್ ಸೋಮವಾರ ಹೋದೀತ್ರಿ. ಈ ಸಲ ಬಣ್ಣ ಒಂದೀಟು ಕಡಿಮಿ ಇರಬಹುದ್ರಿ. ನಿಮ್ಮ ವಿಚಾರ ಏನೈತಿ ಅಂತ ನಾಳೆ ತಿಳಸಬೇಕ್ರಿ."

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕನ್ನಡದ ನಾಲ್ಕು ಸಾಲು ಎಷ್ಟು ಮೆತ್ತಗಿವೆ! ಇಂಗ್ಲಿಷಿಗೆ ಹೋಗುವಾಗ ಒಂದೊಂದು ಸಾಲೂ ಏನೋ ಒಂದನ್ನು ದಾರಿಯಲ್ಲಿ ಬೀಳಿಸಿದೆ. ಬಿದ್ದದ್ದು ಶಬ್ದಾರ್ಥವಲ್ಲ. ಅನುಮಾನ ಬಿತ್ತು, ಸಲಿಗೆ ಬಿತ್ತು, ಮರ್ಯಾದೆ ಬಿತ್ತು. ಇಂಗ್ಲಿಷಿನಲ್ಲಿ ಇವನ್ನೆಲ್ಲ ಹೊರುವುದು ಕ್ಯಾನ್, ಕುಡ್, ಮೇ, ಮೈಟ್, ವಿಲ್, ವುಡ್, ಶುಡ್, ಮಸ್ಟ್ ಎಂಬ ಸಣ್ಣ ಸಣ್ಣ ಶಬ್ದಗಳು. ವ್ಯಾಕರಣದಲ್ಲಿ ಇವಕ್ಕೆ ಮೋಡಲ್ ವರ್ಬ್ ಅನ್ನುತ್ತಾರೆ.

ಮೊದಲ ಸಾಲಿನಿಂದ ಶುರು ಮಾಡಿದೆವು, ಗಾಯ ಆಗಿದ್ದು ಅಲ್ಲೇ ಅಂತ.

"ಬರಬೇಕಂತಿಲ್ಲ" ಅನ್ನುವಾಗ ನಮ್ಮ "ಇಲ್ಲ" ಹೊಡೆಯುವುದು "ಬೇಕು" ಎಂಬುದನ್ನು. ಬರುವ ಅಗತ್ಯ ಇಲ್ಲ, ಬಂದರೆ ಬೇಡ ಅನ್ನುವುದಿಲ್ಲ. ಅವಳು ಲೆಕ್ಕ ಹಾಕಿದ್ದು ಸರಳವಾಗಿತ್ತು: ಬೇಕು ಅಂದರೆ ಮಸ್ಟ್, ಇಲ್ಲ ಅಂದರೆ ನಾಟ್, ಕೂಡಿಸಿದರೆ ಮಸ್ಟ್ ನಾಟ್. ಆದರೆ ಇಂಗ್ಲಿಷಿನ ಆ ನಾಟ್ ಹಿಂದೆ ತಿರುಗಿ ಮಸ್ಟನ್ನು ಹೊಡೆಯುವುದಿಲ್ಲ. ಮುಂದೆ ಹೋಗಿ ಬರುವುದನ್ನೇ ಹೊಡೆಯುತ್ತದೆ. ಬರದೇ ಇರುವುದು ಕಡ್ಡಾಯ ಅಂತ ಅರ್ಥ. ಅಂದರೆ ನಮ್ಮ "ಬರಬಾರದು", "ಬರಕೂಡದು". ಅಗತ್ಯವನ್ನು ಮಾತ್ರ ತೆಗೆದುಹಾಕಲು ಇಂಗ್ಲಿಷಿನಲ್ಲಿ ಬೇರೆ ಮಾತು ಬೇಕು: "ಯು ಡೋಂಟ್ ಹ್ಯಾವ್ ಟು ಕಮ್", ಇಲ್ಲವೇ "ಯು ನೀಡ್ ನಾಟ್ ಕಮ್".

ಇಲ್ಲಿ ಕನ್ನಡದ್ದೇ ಒಂದು ಚಂದ ಕಾಣುತ್ತದೆ. ನಮ್ಮಲ್ಲಿ "ಬಾರದು" ಎಂಬುದು "ಬೇಕು"ವಿನ ಮನೆಯದ್ದಲ್ಲ. ಅದು "ಬಹುದು"ವಿನ ಮನೆಯದ್ದು. "ಬರು" ಎಂಬ ಒಂದೇ ಬೇರಿನಿಂದ ಬಹುದು, ಬಾರದು ಎರಡೂ ಹುಟ್ಟಿದವು. ಮಾಡಬಹುದು, ಮಾಡಬಾರದು: ಒಂದೇ ಬಾಗಿಲು ತೆರೆದದ್ದು, ಹಾಕಿದ್ದು. ಇಂಗ್ಲಿಷಿನಲ್ಲಿ ಕಟ್ಟುನಿಟ್ಟಾದ ನಿಷೇಧ ಮಸ್ಟಿನ ಮನೆಯಲ್ಲಿ ಕೂತಿದೆ. ಅದಕ್ಕೇ ನಮ್ಮವರು ಇಲ್ಲಿ ಎಡವುತ್ತಾರೆ. ನಾವಷ್ಟೇ ಅಲ್ಲ, ಜರ್ಮನ್ನರೂ ಎಡವುತ್ತಾರೆ. ಅವರ ಭಾಷೆಯಲ್ಲಿ ಮಸ್ಟಿನ ದಾಯಾದಿಯಂಥ "ಮ್ಯುಸ್ಸೆನ್" ಎಂಬ ಕ್ರಿಯಾಪದವಿದೆ. ಅದಕ್ಕೆ ಇಲ್ಲ ಹಚ್ಚಿದರೆ ನಮ್ಮ ಹಾಗೆಯೇ "ಬೇಕಾಗಿಲ್ಲ" ಅಂತ ಅರ್ಥ. ಇದನ್ನು ಹೇಳಿದಾಗ ಅವಳು ಮೊದಲ ಸಲ ನಕ್ಕಳು. "ಹಂಗಾರ ಜರ್ಮನಿಗೆ ಬರೆದಿದ್ರ ನಡೀತಿತ್ತೇನ್ರಿ?"

ಆದರೂ ನನಗೊಂದು ಪ್ರಶ್ನೆ ಉಳಿಯಿತು. ಮಸ್ಟ್ ಎಂಬುದು ಇವಳ ಕೈಗೆ ಇಷ್ಟು ಸಲೀಸಾಗಿ ಬಂದದ್ದು ಎಲ್ಲಿಂದ? ನಾಲ್ಕು ಸಾಲಿನಲ್ಲಿ ಎರಡು ಸಲ. ಶಾಲೆಯಲ್ಲಿ ಕಲಿತದ್ದು ಅನ್ನೋಣ ಅಂದರೆ, ಶಾಲೆಯ ಪುಸ್ತಕದಲ್ಲಿ ಪ್ಲೀಸ್ ಕೂಡ ಇರುತ್ತದಲ್ಲ. ಅವಳಿಗೆ ಹೇಳಿದೆ: ನೀನು ದಿನಾ ಓದುವ ಇಂಗ್ಲಿಷ್ ಕಾಗದಗಳನ್ನು ತಗೊಂಡು ಬಾ.

ಮರುದಿನ ಒಂದು ಫೈಲ್ ತಂದಳು. ಎಲ್ಲ ಲೆಟರ್ ಆಫ್ ಕ್ರೆಡಿಟ್ (ಹಣ ಕೊಡುತ್ತೇವೆ ಅಂತ ಖರೀದಿದಾರನ ಬ್ಯಾಂಕು ಷರತ್ತು ಹಾಕಿ ಕೊಡುವ ಪತ್ರ), ಖರೀದಿದಾರರ ಗುಣಮಟ್ಟದ ಪಟ್ಟಿ, ಹಡಗು ಕಂಪನಿಯ ಸೂಚನೆ. ತೇವಾಂಶ ಇಷ್ಟಕ್ಕಿಂತ ಮೇಲೆ ಹೋಗಕೂಡದು: ಮಸ್ಟ್ ನಾಟ್. ದಾಖಲೆಗಳು ಮಾಲು ಹಡಗೇರಿದ 21 ದಿನದೊಳಗೆ ಬ್ಯಾಂಕಿಗೆ ಬರಬೇಕು: ಮಸ್ಟ್. ಚೀಲದ ಮೇಲೆ ಲಾಟ್ ನಂಬರ್ ಇರಬೇಕು: ಮಸ್ಟ್. ಪುಟ ತಿರುವಿದಲ್ಲೆಲ್ಲ ಅದೇ. ಇವಳಿಗೆ ಇಂಗ್ಲಿಷ್ ಕಲಿಸಿದ ಗುರು ಈ ಕಾಗದಗಳೇ. ಆಫೀಸಿನಲ್ಲಿ ಇಂಗ್ಲಿಷ್ ಮಾತಾಡುವವರು ಯಾರೂ ಇಲ್ಲ, ದಿನವಿಡೀ ಕಣ್ಣಿಗೆ ಬೀಳುವುದು ಇದೊಂದೇ. ವ್ಯಾಪಾರದ ಇಂಗ್ಲಿಷ್ ಅಂದರೆ ಹೀಗೇ ಇರುತ್ತದೆ ಅಂತ ಅವಳು ಅಂದುಕೊಂಡಳು. ಬೇರೆ ಹೇಗೆ ಅಂದುಕೊಳ್ಳಲು ಸಾಧ್ಯ?

ಆ ಕಾಗದಗಳಲ್ಲಿ ಮಸ್ಟ್ ತಪ್ಪಲ್ಲ. ಅಲ್ಲಿ ಅದು ಇರಲೇಬೇಕು. ನಿಯಮಕ್ಕೆ ಮುಖ ಇರುವುದಿಲ್ಲ, ಯಾರೂ ಯಾರಿಗೂ ಹೇಳುತ್ತಿರುವುದಿಲ್ಲ. ಆದರೆ ಅದೇ ಶಬ್ದವನ್ನು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ "ಯು" ಹಚ್ಚಿ ಹೇಳಿದರೆ ಅದು ಆಜ್ಞೆಯಾಗುತ್ತದೆ. ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಸಾಹೇಬರು ಸುಮ್ನೆ ಹಳೇ ಫೈಲ್ ಕೊಟ್ಟು "ಇದನ್ನ ನೋಡಿ ಕಲಿ" ಅನ್ನುತ್ತಾರಲ್ಲ, ಆ ಫೈಲಿನಲ್ಲಿ ಎಂಥ ಇಂಗ್ಲಿಷ್ ಇದೆ ಅಂತ ಯಾರಾದರೂ ನೋಡಬೇಕು. ನನಗೆ ಇದು ನಿಜವಾಗಿಯೂ ಬೇಸರದ ವಿಷಯ. ತಪ್ಪು ಅವರ ತಲೆಗೆ ಬರುತ್ತದೆ, ಕಲಿಸಿದ್ದು ಮಾತ್ರ ಕಾಗದ.

ಈಗ ಕೊನೆಯ ಸಾಲು. "ನಾಳೆ ತಿಳಸಬೇಕ್ರಿ."

ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಯಾವ ಕಡೆ ಹೋದರೂ ಈ "ರಿ" ಇಲ್ಲದೆ ಮಾತು ಮುಗಿಯುವುದಿಲ್ಲ. ಬರ್ರಿ, ಕುಂದರ್ರಿ, ಚಾ ಕುಡೀರಿ, ಹೌದ್ರಿ, ಇಲ್ರಿ. ಬೈಯುವಾಗಲೂ ರಿ ಬಿಡದವರನ್ನು ನೋಡಿದ್ದೇನೆ. ಈ ಒಂದು ಅಕ್ಷರ ಇದ್ದರೆ "ಕೊಡು" ಎಂಬ ಆಜ್ಞೆ "ಕೊಡ್ರಿ" ಎಂಬ ಕೇಳಿಕೆಯಾಗುತ್ತದೆ. "ಬೇಕು" ಎಂಬ ಗಟ್ಟಿ ಮಾತು "ಬೇಕ್ರಿ" ಆಗಿ ಮೆತ್ತಗಾಗುತ್ತದೆ. ಬೇರೇನೂ ಮಾಡಬೇಕಾಗಿಲ್ಲ.

ಇಂಗ್ಲಿಷಿನಲ್ಲಿ ರಿ ಇಲ್ಲ. ನೀನು, ನೀವು ಎಂಬ ಭೇದವೂ ಇವತ್ತಿನ ಇಂಗ್ಲಿಷಿನಲ್ಲಿ ಇಲ್ಲ. ಎಲ್ಲರಿಗೂ ಒಂದೇ ಯು. ಹಾಗಾದರೆ ಅವರು ಮರ್ಯಾದೆಯನ್ನು ಎಲ್ಲಿಡುತ್ತಾರೆ? ಕ್ರಿಯಾಪದದ ಮುಂದಿನ ಆ ಸಣ್ಣ ಶಬ್ದದಲ್ಲಿ. ನಮ್ಮ ಮರ್ಯಾದೆ ವಾಕ್ಯದ ಬಾಲದಲ್ಲಿರುತ್ತದೆ, ಅವರದು ವಾಕ್ಯದ ತಲೆಯಲ್ಲಿ. "ಕುಡ್ ಯು ಲೆಟ್ ಅಸ್ ನೋ ಬೈ ಟುಮಾರೋ?" ಇಲ್ಲಿ ಕುಡ್ ಮಾಡುವ ಕೆಲಸ ನಮ್ಮ ರಿ ಮಾಡುವ ಕೆಲಸವೇ. ಪ್ಲೀಸ್ ಹಚ್ಚಿದರೆ ಸಾಕಲ್ಲ ಅಂತ ಅವಳು ಕೇಳಿದಳು. ಸಾಕಾಗುವುದಿಲ್ಲ. "ಯು ಮಸ್ಟ್ ಟೆಲ್ ಅಸ್ ಟುಮಾರೋ ಪ್ಲೀಸ್" ಅಂದರೆ ಆಜ್ಞೆಯ ತಲೆಯ ಮೇಲೆ ಹೂವಿಟ್ಟ ಹಾಗೆ.

ಇದರ ಹಿಂದೆ ಒಂದು ತಿಳುವಳಿಕೆ ಇದೆ. ಪೆನೆಲೋಪ್ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ ಎಂಬ ಇಬ್ಬರು ಭಾಷಾ ವಿದ್ವಾಂಸರು 1978ರಲ್ಲಿ ಸಭ್ಯ ಮಾತಿನ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್, ಮೆಕ್ಸಿಕೋದ ತ್ಸೆಲ್ತಾಲ್, ನಮ್ಮ ಪಕ್ಕದ ತಮಿಳು, ಈ ಮೂರನ್ನು ಮುಖ್ಯವಾಗಿ ಇಟ್ಟುಕೊಂಡು ಬರೆದದ್ದು. ಅವರ ಪ್ರಕಾರ ಮರ್ಯಾದೆಗೆ ಎರಡು ದಾರಿ. ಒಂದು ಹತ್ತಿರ ಕರೆದುಕೊಳ್ಳುವುದು, ಇನ್ನೊಂದು ಎದುರಿನವರಿಗೆ ಜಾಗ ಬಿಡುವುದು. ಊಟದ ಹೊತ್ತಿಗೆ ಬಂದವರಿಗೆ "ಉಣ್ಣಲೇಬೇಕು" ಅನ್ನುವುದು ನಮ್ಮಲ್ಲಿ ಪ್ರೀತಿ. ಅದು ಮೊದಲನೆಯ ದಾರಿ. "ಕುಡ್ ಯು" ಅಂತ ಕೇಳುವುದು ಎರಡನೆಯದು. ಇಲ್ಲ ಅನ್ನಲು ನಿಮಗೆ ಅವಕಾಶ ಇದೆ ಅಂತ ಬಾಗಿಲು ಸ್ವಲ್ಪ ತೆರೆದಿಡುವುದು. ಮಸ್ಟ್ ಆ ಬಾಗಿಲನ್ನು ಹಾಕಿಬಿಡುತ್ತದೆ.

ಇಷ್ಟರ ತನಕ ನಾನು ಹೇಳುತ್ತಿದ್ದೆ, ಅವಳು ಕೇಳುತ್ತಿದ್ದಳು. ನಿಜವಾದ ತಿರುವು ಬಂದದ್ದು ಅವಳಿಂದಲೇ.

ಕ್ಯಾನ್ ಬದಲು ಕುಡ್ ಯಾಕೆ, ವಿಲ್ ಬದಲು ವುಡ್ ಯಾಕೆ ಅಂತ ಅವಳಿಗೆ ಒಗಟಾಗಿತ್ತು. ಶಾಲೆಯಲ್ಲಿ ಕುಡ್ ಅಂದರೆ ಕ್ಯಾನಿನ ಭೂತಕಾಲ ಅಂತ ಬಾಯಿಪಾಠ ಮಾಡಿದ್ದಳು. "ನಾಳೆ ಮಾಡೋ ಕೆಲಸಕ್ಕ ಭೂತಕಾಲ ಯಾಕ್ರಿ ಮೇಡಂ?" ಒಳ್ಳೆಯ ಪ್ರಶ್ನೆ. ದೂರ ಇಡುವುದಕ್ಕೆ ಅಂತ ಹೇಳಿದೆ. ಕಾಲದಲ್ಲಿ ಹಿಂದೆ ಸರಿದರೆ ಒತ್ತಡವೂ ಹಿಂದೆ ಸರಿಯುತ್ತದೆ ಅಂದೆ. ತಲೆಯಾಡಿಸಿದಳು, ಆದರೆ ಮುಖದಲ್ಲಿ ನಂಬಿಕೆ ಇರಲಿಲ್ಲ.

ಕ್ಲಾಸು ಮುಗಿಯಿತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ಮೇಡಂ, ಒಂದು ಮಾತು ಕೇಳಬೇಕಾಗಿತ್ರಿ."

"ಕೇಳು."

"ನಾಳೆ ಮಾಲು ತುಂಬೋದೈತ್ರಿ. ಅರ್ಧಾ ತಾಸು ತಡ ಆಗಿ ಬಂದ್ರ..."

ನಾನು ಅವಳನ್ನು ಅಲ್ಲೇ ತಡೆದೆ. "ಈಗ ಏನಂದಿ?"

"ತಡ ಆಗಿ ಬಂದ್ರ..."

"ಅದಕ್ಕಿಂತ ಮೊದಲು."

"ಕೇಳಬೇಕಾಗಿತ್ರಿ."

"ಯಾವಾಗ ಕೇಳಬೇಕಾಗಿತ್ತು? ನಿನ್ನೆಯಾ?"

ಒಂದು ಕ್ಷಣ ಸುಮ್ಮನೆ ನಿಂತಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ಕೇಳಬೇಕಾಗಿದ್ದು ಈಗ, ಈ ಕ್ಷಣ. ಆದರೆ ಅವಳು ಹೇಳಿದ್ದು "ಕೇಳಬೇಕು" ಅಂತಲ್ಲ, "ಕೇಳಬೇಕಾಗಿತ್ತು" ಅಂತ. ಯಾರೂ ಕಲಿಸದೆ, ವ್ಯಾಕರಣ ನೋಡದೆ, ನನ್ನ ಮೇಲಿನ ಒತ್ತಡ ಕಡಿಮೆ ಮಾಡಲು ಭೂತಕಾಲಕ್ಕೆ ಸರಿದಿದ್ದಳು. ಬ್ಯಾಗು ಕೆಳಗಿಟ್ಟು ಮತ್ತೆ ಕೂತಳು. ಇಬ್ಬರೂ ಸೇರಿ ಹುಡುಕಿದೆವು. "ನಿಮ್ಮ ಹತ್ರ ಒಂದು ಕೆಲಸ ಇತ್ರಿ." "ಒಂದೀಟು ರೊಕ್ಕ ಬೇಕಾಗಿತ್ರಿ." "ಸಾಹೇಬರನ್ನ ಕಾಣಬೇಕಿತ್ರಿ." ಎಲ್ಲ ಈಗಿನ ಮಾತು, ಎಲ್ಲದಕ್ಕೂ ನಿನ್ನೆಯ ವೇಷ. ಅಂಗಡಿಗೆ ಹೋಗಿ ಸಾಲ ಕೇಳುವವರ ಬಾಯಲ್ಲಿ "ಬೇಕು" ಬರುವುದೇ ಇಲ್ಲ, "ಬೇಕಾಗಿತ್ತು" ಬರುತ್ತದೆ. "ಐ ವಾಂಟ್" ಅನ್ನುವ ಬದಲು "ಐ ವುಡ್ ಲೈಕ್" ಅನ್ನುವವರೂ ಇದನ್ನೇ ಮಾಡುತ್ತಾರೆ.

ಅವತ್ತು ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿ ತನಕ ಜನ ಮಾತಾಡುವುದನ್ನೇ ಕೇಳುತ್ತಾ ಹೋದಳಂತೆ. ಮರುದಿನ ಬರುವಾಗ ಏಳೆಂಟು "ಇತ್ತು"ಗಳನ್ನು ಟಿಕೆಟ್ಟಿನ ಹಿಂದೆ ಬರೆದುಕೊಂಡು ಬಂದಿದ್ದಳು.

ನಡುವಿನ ಎರಡು ಸಾಲುಗಳ ಸಮಸ್ಯೆ ಬೇರೆ. ಅಲ್ಲಿ ಮರ್ಯಾದೆಯ ಪ್ರಶ್ನೆ ಇಲ್ಲ, ಎಷ್ಟು ಖಾತ್ರಿ ಎಂಬ ಪ್ರಶ್ನೆ. "ಸೋಮವಾರ ಹೋದೀತ್ರಿ" ಅಂತ ಮನಸ್ಸಿನಲ್ಲಿ ಇಟ್ಟುಕೊಂಡು "ವಿ ವಿಲ್ ಸೆಂಡ್" ಅಂತ ಬರೆದಳು. ಮುಂದೆ ಆಗುವುದಕ್ಕೆ ವಿಲ್ ಅಂತ ಕಲಿಸಿದ್ದಾರೆ, ಹಾಕಿದಳು. ಆದರೆ ಇಂಗ್ಲೆಂಡಿನಲ್ಲಿ ಓದಿದವನಿಗೆ ಅದು ಕೊಟ್ಟ ಮಾತು. ಸ್ಯಾಂಪಲ್ ಹೋದದ್ದು ಬುಧವಾರ.

ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಸಂಭಾವನಾರ್ಥಕ ಅಂತ ಒಂದಿತ್ತು, ನೆನಪಿದೆಯಾ? ಬಂದಾನು, ಬಂದಾಳು, ಬಂದೀತು. ಎಷ್ಟೋ ಕಡೆ ಇದು ಈಗ ಪುಸ್ತಕದಲ್ಲಿ ಮಾತ್ರ ಉಳಿದಿದೆ. ನಮ್ಮ ಕಡೆ ಇನ್ನೂ ನಾಲಿಗೆಯ ಮೇಲಿದೆ. "ಮಳಿ ಬಂದೀತು, ಛತ್ರಿ ತಗೋ" ಅಂತ ಅಜ್ಜಿಯರು ದಿನಾ ಅನ್ನುತ್ತಾರೆ. ಈ ರೂಪ ಕೈಯಲ್ಲಿರುವವರಿಗೆ ಮೈಟ್ ಕಲಿಸುವುದು ಬಹಳ ಸುಲಭ. ನಾನು ಅವಳಿಗೆ ಒಂದು ಏಣಿ ಹಾಕಿಕೊಟ್ಟೆ. ಹೊರಗೆ ನೆಲ ಒದ್ದೆ ಇದೆ, ಮಳೆ ಕಣ್ಣಿಗೆ ಬಿದ್ದಿಲ್ಲ: "ಮಳೆ ಬಂದಿರಬೇಕು". ಇದು ಮಸ್ಟ್. ಮೋಡ ಇದೆ: "ಮಳೆ ಬರಬಹುದು". ಇದು ಮೇ. ಮೋಡ ಅಷ್ಟಿಲ್ಲ, ಆದರೂ ಹೇಳಲಿಕ್ಕಾಗದು: "ಬಂದೀತು". ಇದು ಮೈಟ್. ಮೇ ಮತ್ತು ಮೈಟ್ ನಡುವಿನ ಅಂತರ ಇವತ್ತಿನ ಇಂಗ್ಲಿಷಿನಲ್ಲಿ ಬಹಳ ತೆಳುವು, ಎಷ್ಟೋ ಜನ ಒಂದರ ಬದಲು ಇನ್ನೊಂದು ಬಳಸುತ್ತಾರೆ. ಆದರೂ ಕಲಿಯುವವರಿಗೆ ಈ ಏಣಿ ಒಳ್ಳೆಯದು ಅಂತ ನನ್ನ ಅನುಭವ. ಮೇಲಿನ ಮೆಟ್ಟಿಲನ್ನೂ ಗಮನಿಸಿ. "ಅವರು ಆಫೀಸಿನಲ್ಲಿರಬೇಕು" ಅಂದರೆ ಇರುವುದು ಕಡ್ಡಾಯ ಅಂತಲೂ ಆಗುತ್ತದೆ, ಇದ್ದಾರೆಂದು ನನ್ನ ಊಹೆ ಅಂತಲೂ ಆಗುತ್ತದೆ. ಮಸ್ಟ್ ಕೂಡ ಹೀಗೇ, ಎರಡೂ ಕೆಲಸ ಮಾಡುತ್ತದೆ.

ಮೂರನೆಯ ಸಾಲಿನಲ್ಲಿ "ಇರಬಹುದು"ಗೆ ಕ್ಯಾನ್ ಹಾಕಿದ್ದಳು. ನಮ್ಮ "ಬಹುದು" ಒಂದೇ ಶಬ್ದ ಮೂರು ಮನೆ ನೋಡಿಕೊಳ್ಳುತ್ತದೆ. "ಒಳಗೆ ಬರಬಹುದಾ?" ಅಪ್ಪಣೆ. "ಇಲ್ಲಿಂದ ನಡೆದೇ ಹೋಗಬಹುದು", ಅನುಕೂಲ. "ಅವರು ಬರಬಹುದು", ಸಂಭವ. ಕ್ಯಾನ್ ಮೊದಲೆರಡಕ್ಕೆ ಸರಿ. ಮೂರನೆಯದಕ್ಕೆ ಅದು ಬರುವುದು ಸಾಮಾನ್ಯ ಗುಣ ಹೇಳುವಾಗ ಮಾತ್ರ. ಬಣ್ಣ ವರ್ಷದಿಂದ ವರ್ಷಕ್ಕೆ ಬದಲಾಗುವಂಥದ್ದು ಅನ್ನಲು "ಕಲರ್ ಕ್ಯಾನ್ ವೇರಿ" ಅನ್ನಬಹುದು. ಈ ಸಲದ ಈ ಲಾಟಿನ ಬಗ್ಗೆ ಅನುಮಾನ ಹೇಳಬೇಕಾದರೆ ಮೇ ಅಥವಾ ಮೈಟ್ ಬೇಕು. ಕ್ಯಾನ್ ಹಾಕಿದ ಸಾಲನ್ನು ಖರೀದಿದಾರ "ಬಣ್ಣ ಕಡಿಮೆಯಿದ್ದರೂ ನಡೆಯುತ್ತದೆ" ಅಂತ ಇವರೇ ತೀರ್ಮಾನ ಮಾಡಿದಂತೆ ಓದಿರಬಹುದು. ಬ್ಯಾಡಗಿ ಕಾಯಿಗೆ ಬೆಲೆ ಇರುವುದೇ ಬಣ್ಣಕ್ಕೆ. ಖಾರ ಕಡಿಮೆ, ಕೆಂಪು ಜಾಸ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದರಿಂದ ತೆಗೆದ ಓಲಿಯೋರೆಸಿನ್ ಎಂಬ ಬಣ್ಣದ ಸಾರ ಲಿಪ್‌ಸ್ಟಿಕ್ ತನಕ ಹೋಗುತ್ತದೆ. ಅಂಥ ಕಾಯಿಯ ಬಣ್ಣದ ಬಗ್ಗೆ ಹಗುರಾಗಿ ಮಾತಾಡಿದರೆ ಕೊಳ್ಳುವವನಿಗೆ ಹೇಗಾಗಬೇಡ?

ಕ್ಯಾನ್ ಬಗ್ಗೆ ಅವಳಿಗೆ ತುಂಬ ಹಿಡಿಸಿದ ಸಂಗತಿ ಇನ್ನೊಂದು. ಹಳೆಯ ಇಂಗ್ಲಿಷಿನಲ್ಲಿ ಕ್ಯಾನ್ ಅಂದರೆ "ತಿಳಿದಿದ್ದೇನೆ" ಅಂತ ಅರ್ಥ ಇತ್ತು. ಕನ್ನಡದ "ಬಲ್ಲೆ" ನೋಡಿ. "ನಾನು ಅವನನ್ನು ಬಲ್ಲೆ" ಅಂದರೆ ತಿಳಿದಿದ್ದೇನೆ. "ಈಜಬಲ್ಲೆ" ಅಂದರೆ ಆಗುತ್ತದೆ. ತಿಳಿದವನಿಗೆ ಆಗುತ್ತದೆ. ಸಂಬಂಧವೇ ಇಲ್ಲದ ಎರಡು ಭಾಷೆ ಒಂದೇ ದಾರಿಯಲ್ಲಿ ನಡೆದಿವೆ.

ಮೂರು ವಾರದ ಹೊತ್ತಿಗೆ ಅವಳ ಇಮೇಲುಗಳು ಮೆತ್ತಗಾದವು. ಆಮೇಲೆ ಬೇಕಾದ್ದಕ್ಕಿಂತ ಜಾಸ್ತಿ ಮೆತ್ತಗಾದವು. ಇದನ್ನು ಬರೆಯದೆ ಬಿಡುವಂತಿಲ್ಲ, ಏಕೆಂದರೆ ಇದು ನಾನು ಕಲಿಸಿದ್ದರಲ್ಲಿನ ಕೊರತೆ. ಬಂದರಿನಲ್ಲಿ ದಾಖಲೆ ನೋಡಿಕೊಳ್ಳುವ ಏಜೆಂಟನಿಗೆ ಅವಳು ಹೀಗೆ ಬರೆದಳು: "ದ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಮೈಟ್ ಬಿ ನೀಡೆಡ್." ಮಾಲಿನಲ್ಲಿ ಕೀಟ, ರೋಗ ಇಲ್ಲ ಅಂತ ಹೇಳುವ ಸರ್ಟಿಫಿಕೇಟು ಅದು. ಖರೀದಿದಾರನ ಪಟ್ಟಿಯಲ್ಲಿ ಮಸ್ಟ್ ಅಂತಲೇ ಇತ್ತು. ಮಸ್ಟ್ ಅಂದರೆ ಒರಟು ಅಂತ ಹೆದರಿ ಇವಳು ಮೈಟ್ ಮಾಡಿದಳು. ಏಜೆಂಟ್ ಅದನ್ನು "ಬೇಕಾದೀತು" ಅಂತ ಓದಿಕೊಂಡು ಬದಿಗಿಟ್ಟ. ಎರಡು ದಿನ ಹೋಯಿತು.

ಆ ಸಂಜೆ ಪಾಠ ಮಾಡಲಿಲ್ಲ. ಮಾಲೀಕರು ಗೋಡೌನಿನವರಿಗೆ ಹೇಗೆ ಹೇಳುತ್ತಾರೆ ಅಂತ ಕೇಳಿದೆ. "ಚೀಲಕ್ಕ ಲಾಟ್ ನಂಬರ್ ಇರಾಕಬೇಕ್ರಿ" ಅನ್ನುತ್ತಾರಂತೆ. "ಇರಾಕಬೇಕು", ಅಂದರೆ ಇರಲೇಬೇಕು. ರಿ ಇದೆ, ಆದರೆ ಬೇಕು ಸಡಿಲವಾಗಿಲ್ಲ. ಮನುಷ್ಯನಿಗೆ ಮರ್ಯಾದೆ, ನಿಯಮಕ್ಕೆ ಗಟ್ಟಿತನ, ಎರಡೂ ಒಂದೇ ವಾಕ್ಯದಲ್ಲಿ. ಇಂಗ್ಲಿಷಿನಲ್ಲೂ ಅವನ್ನು ಬಿಡಿಸಿ ಇಡಬಹುದು. ನಿಯಮದ ಸಾಲಿಗೆ ಕಾಗದವನ್ನೇ ಕರ್ತೃ ಮಾಡಿ ಮಸ್ಟ್ ಹಾಕುವುದು, ಮನುಷ್ಯನನ್ನು ಕೇಳುವ ಸಾಲಿಗೆ ಕುಡ್ ಹಾಕುವುದು. "ದ ಸರ್ಟಿಫಿಕೇಟ್ ಮಸ್ಟ್ ಬಿ ಇನ್ ದ ಸೆಟ್. ಕುಡ್ ಯು ಅಪ್ಲೈ ಫಾರ್ ಇಟ್ ಟುಡೇ?" ಇದನ್ನು ಓದಿ ಸಿಟ್ಟಾಗುವವರಿಲ್ಲ, ಬದಿಗಿಡುವವರೂ ಇಲ್ಲ.

ಕೊನೆಯ ವಾರ ಅವಳು ಆ ಹಳೆಯ ಹಾಳೆಯ ಹಿಂದೆಯೇ ನಾಲ್ಕು ಸಾಲನ್ನು ಹೊಸದಾಗಿ ಬರೆದಳು. ನಾನು ಒಂದು ಶಬ್ದವನ್ನೂ ಮುಟ್ಟಲಿಲ್ಲ.

"ಯು ಡೋಂಟ್ ಹ್ಯಾವ್ ಟು ಕಮ್ ಟು ಹುಬ್ಬಳ್ಳಿ, ಬಟ್ ವಿ ವುಡ್ ಬಿ ಹ್ಯಾಪಿ ಟು ಶೋ ಯು ದ ಸ್ಟಾಕ್. ದ ಸ್ಯಾಂಪಲ್ ಶುಡ್ ಲೀವ್ ಆನ್ ಮಂಡೇ. ದ ಕಲರ್ ಮೇ ಬಿ ಸ್ಲೈಟ್ಲಿ ಲೋವರ್ ದಿಸ್ ಟೈಮ್. ಕುಡ್ ಯು ಲೆಟ್ ಅಸ್ ನೋ ಯುವರ್ ಡಿಸಿಷನ್ ಬೈ ಟುಮಾರೋ?"

ಎರಡನೆಯ ಸಾಲಿನ ಶುಡ್ ನೋಡಿ ನನಗೆ ಖುಷಿಯಾಯಿತು. ಅದನ್ನು ನಾನು ಕಲಿಸಿರಲಿಲ್ಲ. ಎಲ್ಲ ಸರಿಯಾಗಿ ನಡೆದರೆ ಹೋಗುತ್ತದೆ ಎಂಬ ಅರ್ಥದ ಶುಡ್. ಖರೀದಿದಾರನ ಪತ್ರದಲ್ಲೇ ಕಂಡು ಎತ್ತಿಕೊಂಡಿದ್ದಳು. ಅಂದರೆ ಈಗ ಲೆಟರ್ ಆಫ್ ಕ್ರೆಡಿಟ್ಟಿನ ಬದಲು ಮನುಷ್ಯರ ಪತ್ರದಿಂದ ಕಲಿಯುತ್ತಿದ್ದಾಳೆ. ಬರವಣಿಗೆಯಲ್ಲಿ ಇಷ್ಟು ಬಂತು. ಫೋನಿನಲ್ಲಿ ಮಾತ್ರ ಅವಸರವಾದಾಗ "ಯು ಮಸ್ಟ್" ಈಗಲೂ ಜಾರುತ್ತದೆ. ಕುಡ್ ಅನ್ನುವಾಗ ನಡುವಿನ ಎಲ್ ಅಕ್ಷರವನ್ನು ಎಳೆದು "ಕುಲ್ಡ್" ಅನ್ನುವುದೂ ಪೂರ್ತಿ ಹೋಗಿಲ್ಲ. ಅದಕ್ಕೆ ಇನ್ನೂ ಸಮಯ ಬೇಕು.

ಹೋದ ತಿಂಗಳು ಮೆಸೇಜ್ ಮಾಡಿದ್ದಳು. ಅದೇ ಇಂಗ್ಲೆಂಡಿನವರು ಬರೆದಿದ್ದರಂತೆ, "ವಿ ಮೈಟ್ ವಿಸಿಟ್ ಹುಬ್ಬಳ್ಳಿ ಇನ್ ಫೆಬ್ರುವರಿ" ಅಂತ. ಮಾಲೀಕರು ಆಗಲೇ ಒಳ್ಳೆಯ ಹೋಟೆಲಿನಲ್ಲಿ ರೂಮ್ ಬುಕ್ ಮಾಡಲು ಹೇಳಿಬಿಟ್ಟಿದ್ದರು. ಇವಳು ತಡೆದಳು. "ಸರ್, ಅವರು ಬರ್ತಾರಂತಲ್ರಿ, ಬಂದಾರು ಅಂತರಿ. ತಾರೀಖು ಯಾವಾಗ ಅಂತ ಮೊದಲು ಕೇಳ್ತೇನ್ರಿ."

ಕೇಳಿದ ಇಮೇಲಿನ ಸ್ಕ್ರೀನ್‌ಶಾಟನ್ನೂ ಕಳಿಸಿದ್ದಳು. ಮೊದಲ ಶಬ್ದ ಕುಡ್.